ಅವ್ವನ ಖೋಲಿಯ ಪಶ್ಚಿಮದ ಕಿಟಕಿ

ನಮ್ಮ ಮನೆ ವಿಜಯಪುರದಲ್ಲಿ, ಸೋಲಾಪುರ ರಸ್ತೆಯಿಂದ ಸ್ವಲ್ಪ ಒಳಗೆ. ಮೇಲಿನ ಮಹಡಿಯಲ್ಲಿ ಅವ್ವನ ಖೋಲಿ ಇದೆ. ಅದಕ್ಕೆ ಎರಡು ಕಿಟಕಿ. ಬಿಸಿಲು ತಡೆಯಲು ಅವುಗಳ ಗಾಜಿಗೆ ನಾವೇ ಫಿಲ್ಮ್, ಅಂದರೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ, ಹಾಕಿದ ಕಥೆ ಇದು. ಪಶ್ಚಿಮದ್ದು 5 ಅಡಿ ಅಗಲ, 4 ಅಡಿ ಎತ್ತರ. ಉತ್ತರದ್ದು 4 ಅಡಿಗೆ 4 ಅಡಿ. ಎರಡೂ ಅಲ್ಯೂಮಿನಿಯಂ ಸ್ಲೈಡಿಂಗ್. ಮೂರು ಟ್ರ್ಯಾಕ್, ಅದರಲ್ಲಿ ಎರಡು ಗಾಜಿನ ಶಟರ್, ಒಂದು ಸೊಳ್ಳೆ ಜಾಲಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಕಿಟಕಿಗೆ ಛಜ್ಜಾ ಇದೆ. ಮಧ್ಯಾಹ್ನ 1 ಗಂಟೆಯ ಬಿಸಿಲಿಗೆ ಅದು ಸಾಕು. 3 ಗಂಟೆ ದಾಟಿದರೆ ಸೂರ್ಯ ಛಜ್ಜಾದ ಕೆಳಗೆ ಇಳಿದು, ನೇರವಾಗಿ ಅವ್ವನ ಮಂಚದ ಮೇಲೆ ಬೀಳುತ್ತಾನೆ. ಮೇ ತಿಂಗಳ ಎರಡನೇ ವಾರದಿಂದ ನಮ್ಮೂರಲ್ಲಿ ಸೂರ್ಯ ನಡುನೆತ್ತಿಯನ್ನೂ ದಾಟಿ ಉತ್ತರದ ಕಡೆ ವಾಲುತ್ತಾನೆ. ಆಗ ಸಂಜೆಯ ಬಿಸಿಲು ಉತ್ತರದ ಕಿಟಕಿಗೂ ಓರೆಯಾಗಿ ತಾಗುತ್ತದೆ. ಆ ಕಿಟಕಿಗೆ ಇನ್ನೊಂದು ತೊಂದರೆಯೂ ಇತ್ತು. ಪಕ್ಕದಲ್ಲಿ ಹೊಸ ಮನೆ ಎದ್ದಿದೆ. ಅವರ ಮೆಟ್ಟಿಲು ನಮ್ಮ ಕಿಟಕಿಯಿಂದ 12 ಅಡಿ ದೂರ. ಹತ್ತುವವರು, ಇಳಿಯುವವರು ಬೇಡವೆಂದರೂ ಖೋಲಿಯೊಳಗೆ ನೋಡಿಯೇ ನೋಡುತ್ತಾರೆ.

ಎರಡು ಬೇಸಿಗೆ ಅವ್ವ ಇದಕ್ಕೆ ತನ್ನದೇ ದಾರಿ ಮಾಡಿಕೊಂಡಿದ್ದಳು. ಉತ್ತರಕ್ಕೆ ದಪ್ಪ ಪರದೆ, ಪಶ್ಚಿಮಕ್ಕೆ ಚಾದರ. ಹಗಲಿಡೀ ಟ್ಯೂಬ್‌ಲೈಟ್. ಮಂಚ ಒಳಗಿನ ಗೋಡೆಗೆ ಸರಿದಿತ್ತು. "ಕಿಡಕಿ ಮುಚ್ಚಿದ್ರ ಉಸಿರು ಕಟ್ತದ, ತೆಗದ್ರ ಮೈ ಸುಡ್ತದ" ಅಂತ ಒಂದು ದಿನ ಹೇಳಿದಳು. ಅವತ್ತೇ ನಾನೂ ತಮ್ಮನೂ ಕೂತು ಅಳತೆ ಟೇಪ್ ತೆಗೆದೆವು.

ಇಂಡಿ ತಾಲ್ಲೂಕಿನ ಅಜ್ಜನ ಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಗೆ ಒಂದು ಬೆಳಕಿಂಡಿ. ವಿಜಯಪುರದ ಇಬ್ರಾಹಿಂ ರೋಜಾ ಸಮಾಧಿಯಲ್ಲಿ ಕಿಟಕಿ ತುಂಬ ಕಲ್ಲಿನಲ್ಲಿ ಅಕ್ಷರ ಕೊರೆದ ಜಾಲಿ ಇದೆ. ಅದರ ಸಂದಿಯಿಂದ ಬೆಳಕು ಬರುತ್ತದೆ, ಬಿಸಿಲು ಅಲ್ಲೇ ನಿಲ್ಲುತ್ತದೆ. ನಾವು ಅಷ್ಟು ದೊಡ್ಡ ಗಾಜು ಹಾಕಿಸಿ ಸ್ಲ್ಯಾಬ್ ಮನೆ ಕಟ್ಟಿಕೊಂಡಿದ್ದೇವೆ. ಈಗ ಗಾಜಿನ ಮೇಲೇ ಏನಾದರೂ ಮಾಡಬೇಕು, ಅಲ್ವಾ?

ಅಂಗಡಿಯಲ್ಲಿ ನಾಲ್ಕು ತರದ ಫಿಲ್ಮ್ ತೋರಿಸಿದರು. ಬಣ್ಣ ಹಾಕಿದ ಕಪ್ಪು ಫಿಲ್ಮ್, ಕನ್ನಡಿಯಂತೆ ಹೊಳೆಯುವ ಲೋಹದ ಲೇಪದ್ದು, ಸೆರಾಮಿಕ್ ಕಣ ಬೆರೆಸಿದ್ದು, ಮತ್ತೆ ಮಂಜು ಹಿಡಿದಂತೆ ಕಾಣುವ ಫ್ರಾಸ್ಟೆಡ್. ನಾನು ಕಪ್ಪಿನ ಕಡೆ ಕೈ ಹಾಕಿದೆ. ಅಂಗಡಿಯವರು ತಡೆದರು. "ಕಪ್ಪು ಇದ್ದಷ್ಟೂ ಝಳ ತಡೀತದ ಅನ್ನೋದು ಖರೇ ಅಲ್ರಿ ಅಕ್ಕಾರ." ಅವರು ಹೇಳಿದ್ದು ಸರಿ. ಬಣ್ಣದ ಫಿಲ್ಮ್ ಬಿಸಿಲನ್ನು ಹೊರಗೆ ತಿರುಗಿಸುವುದಿಲ್ಲ, ಹೀರಿಕೊಳ್ಳುತ್ತದೆ. ಗಾಜು ಕಾಯುತ್ತದೆ, ಆ ಕಾವಿನಲ್ಲಿ ಒಂದು ಪಾಲು ಮತ್ತೆ ಒಳಗೇ ಬರುತ್ತದೆ. ಲೋಹದ ಲೇಪ ಇದ್ದರೆ ಬಿಸಿಲಿನ ದೊಡ್ಡ ಭಾಗ ಗಾಜಿನಿಂದಲೇ ವಾಪಸ್ ಹೋಗುತ್ತದೆ.

ಆಮೇಲೆ ಅವರು ಬಿಸಿ ಬಲ್ಬ್ ಹಚ್ಚಿ, ಸೆರಾಮಿಕ್ ಫಿಲ್ಮಿನ ಹಿಂದೆ ಕೈ ಹಿಡಿಯಲು ಹೇಳಿದರು. ಕೈಗೆ ಏನೂ ತಾಗಲಿಲ್ಲ. ನೋಡಲು ಚೆನ್ನಾಗಿದೆ, ಆದರೆ ಅಷ್ಟಕ್ಕೇ ದುಡ್ಡು ಕೊಡಬೇಡಿ. ಆ ಬಲ್ಬ್ ಕೊಡುವುದು ಬಹುಪಾಲು ಕಣ್ಣಿಗೆ ಕಾಣದ ಕಾವಿನ ಕಿರಣ, ಅಂದರೆ ಇನ್‌ಫ್ರಾರೆಡ್. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಇರುವುದು ಸುಮಾರು ಅರ್ಧ. ಉಳಿದದ್ದರಲ್ಲಿ ಹೆಚ್ಚಿನದು ಕಣ್ಣಿಗೆ ಕಾಣುವ ಬೆಳಕು. ಅದೂ ಖೋಲಿಯೊಳಗೆ ಬಂದು ನೆಲ, ಗೋಡೆ, ಹಾಸಿಗೆಗೆ ತಾಗಿ ಕಾವೇ ಆಗುತ್ತದೆ. ಹಾಗಾಗಿ ಪ್ಯಾಕೆಟ್ ಮೇಲೆ "ಇನ್‌ಫ್ರಾರೆಡ್ ತಡೆ 90%" ಅಂತ ಇದ್ದರೆ 90% ಸೆಕೆ ಹೋಗುತ್ತದೆ ಅಂತ ಅರ್ಥ ಅಲ್ಲ. ಕೇಳಬೇಕಾದ ಸಂಖ್ಯೆ ಟಿ.ಎಸ್.ಇ.ಆರ್. ಗಾಜಿಗೆ ಬಿದ್ದ ಒಟ್ಟು ಬಿಸಿಲಿನ ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಇನ್ನೊಂದು ಸಂಖ್ಯೆ ವಿ.ಎಲ್.ಟಿ. ಅಂದರೆ ಎಷ್ಟು ಬೆಳಕು ಒಳಗೆ ಬರುತ್ತದೆ ಅನ್ನೋದು. ನಾವು ಆರಿಸಿದ್ದು ಬೂದು ಬಣ್ಣದ, ಹೊರಗಿನಿಂದ ಕನ್ನಡಿಯಂತೆ ಕಾಣುವ ಫಿಲ್ಮ್. ಒಟ್ಟು ತಡೆ 58%, ಬೆಳಕು 30%. ಆರಿಸುವ ಮೊದಲು ಮೂರು ಸ್ಯಾಂಪಲ್ ತುಂಡು ಮನೆಗೆ ತಂದು, ಪಶ್ಚಿಮದ ಗಾಜಿಗೆ ಟೇಪ್ ಹಚ್ಚಿ, ಸಂಜೆ 4 ಗಂಟೆಗೆ ಒಂದೊಂದರ ಹಿಂದೆ ಕೈ ಹಿಡಿದು ನೋಡಿದೆವು. ಬಲ್ಬಿಗಿಂತ ಇದೇ ನಿಜವಾದ ಪರೀಕ್ಷೆ.

ಅಂಗಡಿಯಲ್ಲಿದ್ದ ಒಬ್ಬರು "ಇದಕ್ಕ ಬ್ಯಾನ್ ಅದ ಅಲ್ರಿ?" ಅಂತ ಕೇಳಿದರು. 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ವಾಹನದ ಗಾಜಿನ ಫಿಲ್ಮಿಗೆ. ಮನೆಯ ಕಿಟಕಿಗೆ ಅದು ಅನ್ವಯಿಸುವುದಿಲ್ಲ.

ರೋಲಿನ ಅಗಲ 60 ಇಂಚು. ಪಶ್ಚಿಮದ ಒಂದು ಶಟರಿನಲ್ಲಿ ಕಾಣುವ ಗಾಜು 27 ಇಂಚು ಅಗಲ, 44 ಇಂಚು ಎತ್ತರ. ಸುತ್ತ ಒಂದೊಂದು ಇಂಚು ಹೆಚ್ಚಿಗೆ ಬಿಟ್ಟರೆ 29ಕ್ಕೆ 46. ಅಂದರೆ ರೋಲಿನ ಅಡ್ಡಕ್ಕೆ ಎರಡು ತುಂಡು ಸರಿಯಾಗಿ ಕೂರುತ್ತವೆ, 4 ಅಡಿ ಉದ್ದದಲ್ಲಿ ಪಶ್ಚಿಮದ ಕಿಟಕಿ ಮುಗಿಯುತ್ತದೆ. ಉತ್ತರದ್ದಕ್ಕೆ ಇನ್ನೊಂದು 4 ಅಡಿ. ಅಂಗಡಿಗೆ ಹೋಗುವ ಮುಂಚೆ ಕಾಗದದ ಮೇಲೆ ಈ ಲೆಕ್ಕ ಹಾಕಿಕೊಳ್ಳಿ. ಇಲ್ಲದಿದ್ದರೆ ಕಿಟಕಿಯ ಚದರಡಿ ಹೇಳಿ ತಂದು, ಕತ್ತರಿಸುವಾಗ ಕಡಿಮೆ ಬೀಳುತ್ತದೆ. ಮೊದಲ ಸಲ ಕೈ ಹಾಕುವವರಿಗೆ ಹೆಚ್ಚಿಗೆ ಇರಲಿ ಅಂತ ಅಂಗಡಿಯವರು 12 ಅಡಿ ಕೊಟ್ಟರು. ಚದರಡಿಗೆ 65 ರೂಪಾಯಿಯಂತೆ 60 ಚದರಡಿಗೆ 3,900. ಬಚ್ಚಲಮನೆಯ ಸಣ್ಣ ಕಿಟಕಿಗೆ ಫ್ರಾಸ್ಟೆಡ್ ತುಂಡು, ಗಾಜಿನ ನೀರು ಎಳೆಯುವ ರಬ್ಬರ್ ಪಟ್ಟಿಯ ಸ್ಕ್ವೀಜಿ, ತುದಿ ಮುರಿಯುವ ಬ್ಲೇಡಿನ ಕಟರ್, ಸ್ಪ್ರೇ ಬಾಟಲಿ ಎಲ್ಲ ಸೇರಿ ಇನ್ನು 700 ಆಯಿತು. ಆ ಹೆಚ್ಚಿನ 4 ಅಡಿ ಆಮೇಲೆ ಕೈ ಹಿಡಿಯಿತು.

ಏಪ್ರಿಲ್ ಎರಡನೇ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಪಶ್ಚಿಮದ ಮೊದಲ ಗಾಜಿಗೆ ಶುರು ಮಾಡಿದೆವು. ಈ ಒಂದು ಗಾಜಿನಲ್ಲಿ ಮೂರು ತಪ್ಪಾದವು. ಮೂರನ್ನೂ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದಲ್ಲಿ ಈ ಕೆಲಸ ಕೆಡುವುದು ಇವೇ ಮೂರರಿಂದ.

ಮೊದಲನೆಯದು ಹೊತ್ತು. 2 ಗಂಟೆಗೆ ಶುರು ಮಾಡಿ, ಗಾಜು ತಿಕ್ಕಿ, ಫಿಲ್ಮ್ ಕತ್ತರಿಸುವಷ್ಟರಲ್ಲಿ 3 ದಾಟಿತ್ತು. ಗಾಜು ಕಾದಿತ್ತು. ಹೊಡೆದ ನೀರು ಕಣ್ಣೆದುರೇ ಆರಿತು. ಅಂಟು ತಕ್ಷಣ ಹಿಡಿದುಬಿಟ್ಟಿತು, ಫಿಲ್ಮ್ ಸರಿಸಲು ಆಗಲಿಲ್ಲ, ಒಂದು ಮೂಲೆಯಲ್ಲಿ ಮಡಿಕೆ ಬಿತ್ತು. ಮಡಿಕೆ ಬಿದ್ದ ಫಿಲ್ಮ್ ಮತ್ತೆ ನೇರ ಆಗುವುದಿಲ್ಲ.

ಎರಡನೆಯದು ಧೂಳು. ಏಪ್ರಿಲ್ ಮಧ್ಯಾಹ್ನದ ಗಾಳಿಯಲ್ಲಿ ನಮ್ಮ ಊರಿನ ಧೂಳು ಎಲ್ಲಿ ಸಂದಿ ಸಿಕ್ಕರೂ ಒಳಗೆ ಬರುತ್ತದೆ. ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ಫಿಲ್ಮಿನ ಹಾಳೆ ಬಿಡಿಸಿದ ಕೂಡಲೇ ಅಂಟಿಗೆ ಧೂಳು ಕೂತಿತು. ಒಂದೊಂದು ಕಣದ ಸುತ್ತಲೂ ಫಿಲ್ಮ್ ಸಣ್ಣ ಡೇರೆಯಂತೆ ಎದ್ದು ನಿಂತಿತು.

ಮೂರನೆಯದು ನೀರು. ನಾವು ಬಳಸಿದ್ದು ಬೋರಿನ ನೀರು, ಪೂರಾ ಸವಳು. ನಲ್ಲಿಯ ಬಾಯಿಗೆ ಬಿಳಿ ಕಟ್ಟುವಂಥದ್ದು. ಅವತ್ತು ಗೊತ್ತಾಗಲಿಲ್ಲ. ನಾಲ್ಕು ದಿನಕ್ಕೆ ನೀರು ಆರಿದ ಮೇಲೆ ಫಿಲ್ಮಿನ ಹಿಂದೆ ಬಿಳಿ ಚುಕ್ಕೆ ಎದ್ದವು. ಹೊರಗಿನಿಂದ ಒರೆಸಿದರೆ ಹೋಗುವ ಚುಕ್ಕೆ ಅಲ್ಲ ಅವು. ನೀರು ಹೋಯಿತು, ಉಪ್ಪು ಅಂಟಿನೊಳಗೆ ಉಳಿಯಿತು.

ಆ ಫಿಲ್ಮ್ ತೆಗೆದುಬಿಟ್ಟೆವು. ಸೋಪಿನ ನೀರು ಹೊಡೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲಿಗೆ ಅರ್ಧ ಗಂಟೆ ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ಮೂಲೆಯಿಂದ ನಿಧಾನವಾಗಿ, ಫಿಲ್ಮನ್ನು ಗಾಜಿಗೆ ಒರಗಿಸಿದ ಹಾಗೆ ಹಿಂದಕ್ಕೆ ಎಳೆದರೆ ಒಂದೇ ತುಂಡಾಗಿ ಬರುತ್ತದೆ. ಉಳಿದ ಅಂಟನ್ನು ಗಾಜು ಒದ್ದೆ ಇರುವಾಗಲೇ ಬ್ಲೇಡಿನಿಂದ ಕೆರೆದೆವು. ಒಣ ಗಾಜಿನ ಮೇಲೆ ಬ್ಲೇಡ್ ಆಡಿಸಿದರೆ ಗೀರು ಬೀಳುತ್ತದೆ.

ಮುಂದಿನ ಭಾನುವಾರ ಎಲ್ಲ ಬದಲಾಯಿಸಿದೆವು. ಬೆಳಿಗ್ಗೆ ಆರೂವರೆಗೆ ಶುರು. ಪಶ್ಚಿಮದ ಗಾಜು ಆಗ ತಣ್ಣಗಿರುತ್ತದೆ, ಗಾಳಿಯೂ ಇರುವುದಿಲ್ಲ. ಫ್ಯಾನ್ ಬಂದ್. ಪರದೆ ಬಿಚ್ಚಿ ಹೊರಗಿಟ್ಟೆವು, ನೆಲಕ್ಕೆ ಎರಡು ಸಲ ಒದ್ದೆ ಬಟ್ಟೆ, ಗಾಳಿಗೆ ನಾಲ್ಕು ಸಲ ಸ್ಪ್ರೇ. ತೇಲುವ ಧೂಳು ಇದರಿಂದ ಕೆಳಗೆ ಕೂರುತ್ತದೆ. ನೀರಿಗೆ ಅಡುಗೆಮನೆಯ ಆರ್‌ಒ ಯಂತ್ರದ ನೀರು, 1 ಲೀಟರಿಗೆ ಮಕ್ಕಳ ಶಾಂಪೂ ಐದಾರು ಹನಿ, ಅಷ್ಟೇ. ಶಾಂಪೂ ಜಾಸ್ತಿ ಆದರೆ ಅಂಟು ಹಿಡಿಯಲು ತಡ ಆಗುತ್ತದೆ. ಕಡಿಮೆ ಆದರೆ ಫಿಲ್ಮ್ ಜಾರುವುದಿಲ್ಲ.

ಶಟರ್ ಬಿಚ್ಚಿಯೇ ಕೆಲಸ ಮಾಡಿದೆವು. ಸ್ಲೈಡಿಂಗ್ ಶಟರನ್ನು ಮೇಲಕ್ಕೆ ಎತ್ತಿ, ಕೆಳತುದಿಯನ್ನು ಒಳಗೆ ಎಳೆದರೆ ಟ್ರ್ಯಾಕಿನಿಂದ ಬರುತ್ತದೆ. ಒಬ್ಬರೇ ಮಾಡಬೇಡಿ. 1 ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆಜಿ ತೂಗುತ್ತದೆ. ನಮ್ಮದು 5 ಮಿಮೀ. ಒಂದು ಶಟರಿನ ಗಾಜೇ 10 ಕೆಜಿ ಹತ್ತಿರ, ಮೇಲೆ ಫ್ರೇಮಿನ ಭಾರ ಬೇರೆ. ಮಡಿಸಿದ ಕೌದಿಯ ಮೇಲೆ ಇಟ್ಟು ಗೋಡೆಗೆ ಒರಗಿಸಿದೆವು.

ಬಿಚ್ಚಿದ್ದರಿಂದ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎರಡನೇ ಶಟರಿನ ಕೆಳಗಿನ ರಬ್ಬರ್ ಸರಿದು, ಗಾಜಿನ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿದ್ದು ಕಾಣುತ್ತಿತ್ತು. ಇದನ್ನು ಹಾಗೇ ಬಿಡಬಾರದು. ಫಿಲ್ಮ್ ಹಾಕಿದ ಮೇಲೆ ಗಾಜು ಮೊದಲಿಗಿಂತ ಹೆಚ್ಚು ಕಾಯುತ್ತದೆ. ನಡುಭಾಗ ಕಾದು ಹಿಗ್ಗುತ್ತದೆ, ಫ್ರೇಮಿನೊಳಗಿನ ಅಂಚು ತಣ್ಣಗಿರುತ್ತದೆ. ಆ ಎಳೆತ ಚಕ್ಕೆ ಹಾರಿದ ಜಾಗದಿಂದಲೇ ಬಿರುಕಾಗಿ ಓಡುತ್ತದೆ. ತಂತಿ ಹಾಕಿದ ಗಾಜು, ಎರಡು ಪದರದ ಗಾಜು, ಮೊದಲೇ ಬಣ್ಣ ಇರುವ ಗಾಜು ಇದ್ದರೂ ಇದೇ ಭಯ. ಅಂಥವಕ್ಕೆ ಫಿಲ್ಮ್ ತಯಾರಿಸುವ ಕಂಪನಿಯವರನ್ನು ಕೇಳದೆ ಅಂಟಿಸಬಾರದು. ನಾವು ಆ ಗಾಜು ಬದಲಾಯಿಸಿ, ಎರಡು ದಿನ ಬಿಟ್ಟು ಅದಕ್ಕೆ ಫಿಲ್ಮ್ ಹಾಕಿದೆವು.

ಇನ್ನು ತೊಳೆಯುವುದು. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಇದೇ. ಹಳೆಯ ಸವಳಿನ ಕಲೆಗೆ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಕಟ್ಟುವಾಗ ಬಿದ್ದ ಪೇಂಟ್, ಸಿಮೆಂಟ್ ಚುಕ್ಕೆಗಳನ್ನು ಒದ್ದೆ ಮಾಡಿ ಬ್ಲೇಡಿನಿಂದ ತೆಗೆದೆ. ಆಮೇಲೆ ಬೆರಳ ತುದಿ ಆಡಿಸಿ ನೋಡಿದೆ. ಕಣ್ಣಿಗೆ ಕಾಣದ ಕಣ ಬೆರಳಿಗೆ ಗೊತ್ತಾಗುತ್ತದೆ. ರಬ್ಬರಿನ ಸಂದಿಯಲ್ಲಿ ಕೂತ ಕಪ್ಪು ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಇಲ್ಲದಿದ್ದರೆ ಫಿಲ್ಮ್ ಕೂರಿಸುವಾಗ ಅದು ನೀರಿನ ಜೊತೆ ಹರಿದು ಒಳಗೆ ಬರುತ್ತದೆ. ಕೊನೆಗೆ ಬಟ್ಟೆಯಿಂದ ಒರೆಸಲಿಲ್ಲ. ಬಟ್ಟೆ ನೂಲು ಬಿಡುತ್ತದೆ. ಮೇಲಿನಿಂದ ಕೆಳಗೆ ಸ್ಕ್ವೀಜಿ ಎಳೆದದ್ದು ಮಾತ್ರ.

ಫಿಲ್ಮಿನ ಅಂಟಿನ ಮೇಲೆ ಪಾರದರ್ಶಕ ಹಾಳೆ ಇರುತ್ತದೆ. ಮೂಲೆಯ ಎರಡೂ ಕಡೆ ಒಂದೊಂದು ತುಂಡು ಟೇಪ್ ಹಚ್ಚಿ, ಎರಡನ್ನೂ ಬೇರೆ ಬೇರೆ ಎಳೆದರೆ ಹಾಳೆ ಬಿಡುತ್ತದೆ. ತಮ್ಮ ಮೇಲಿನ ಎರಡು ಮೂಲೆ ಹಿಡಿದ. ನಾನು ಹಾಳೆ ಬಿಡಿಸುತ್ತ ಹೋದ ಹಾಗೆ ಅಂಟಿಗೆ ಸ್ಪ್ರೇ ಹೊಡೆದೆ. ಗಾಜಿಗೂ ಚೆನ್ನಾಗಿ ನೀರು. ಆಗ ಫಿಲ್ಮ್ ಗಾಜಿನ ಮೇಲೆ ತೇಲುತ್ತದೆ, ಬೇಕಾದ ಕಡೆ ಸರಿಸಬಹುದು. ನೇರ ಕೂತ ಮೇಲೆ ಫಿಲ್ಮಿನ ಮೇಲ್ಮೈಗೂ ನೀರು ಹೊಡೆಯಿರಿ, ಇಲ್ಲದಿದ್ದರೆ ಸ್ಕ್ವೀಜಿ ಹಿಡಿದು ಎಳೆದು ಫಿಲ್ಮ್ ಕದಲುತ್ತದೆ. ಮೊದಲ ಎಳೆತ ನಡುವೆ ಅಡ್ಡಲಾಗಿ, ಆಮೇಲೆ ನಡುವಿನಿಂದ ಮೇಲಕ್ಕೆ, ಕೆಳಕ್ಕೆ, ಯಾವಾಗಲೂ ಅಂಚಿನ ಕಡೆಗೆ.

ಅಂಚು ಕತ್ತರಿಸುವಾಗ ಫ್ರೇಮಿಗೆ ತಾಗಿಸಿ ಕತ್ತರಿಸಬೇಡಿ. ಸುತ್ತಲೂ ಒಂದೂವರೆ ಮಿಲಿಮೀಟರ್ ಗಾಜು ಖಾಲಿ ಬಿಡಬೇಕು. ಆ ಸಂದಿಯಿಂದ ನೀರು ಹೊರಗೆ ಬರುತ್ತದೆ, ಫಿಲ್ಮ್ ರಬ್ಬರಿನ ಮೇಲೆ ಹತ್ತಿ ಮೇಲೇಳುವುದಿಲ್ಲ. ಅಳತೆಗೆ ಹಳೆಯ ಎರಡು ಎಟಿಎಂ ಕಾರ್ಡನ್ನು ಒಂದರ ಮೇಲೊಂದು ಇಟ್ಟು ಅಂಚಿಗೆ ಒತ್ತಿ, ಅದರ ಪಕ್ಕದಲ್ಲೇ ಕಟರ್ ಎಳೆದೆ. ಪ್ರತಿ ಬದಿಗೂ ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಂಡೆ. ಮೊಂಡಾದ ಬ್ಲೇಡ್ ಫಿಲ್ಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಕತ್ತರಿಸಿದ ಮೇಲೆ ಇನ್ನೊಮ್ಮೆ ಗಟ್ಟಿಯಾಗಿ ಸ್ಕ್ವೀಜಿ. ಅಂಚಿನ ನೀರು ಹೀರಲು ಕಾರ್ಡಿಗೆ ಟಿಶ್ಯೂ ಸುತ್ತಿ ಒತ್ತಿದೆ.

ಹೀಗೆ ಮಾಡಿದ ಮೊದಲ ಗಾಜಿಗೆ 50 ನಿಮಿಷ ಹಿಡಿಯಿತು. ಉತ್ತರದ ಕೊನೆಯದಕ್ಕೆ 25. ಬಚ್ಚಲಮನೆಯದು ಬೇಗ ಮುಗಿಯಿತು. ಅಲ್ಲಿ ನೋಡಬೇಕಾದದ್ದು ಒಂದೇ. ಹೂವಿನ ನಕ್ಷೆ ಇರುವ ಗಾಜಾದರೆ ಉಬ್ಬುತಗ್ಗಿನ ಕಡೆ ಫಿಲ್ಮ್ ಹಿಡಿಯುವುದಿಲ್ಲ, ನುಣ್ಣಗಿರುವ ಕಡೆಗೇ ಹಾಕಬೇಕು.

ಮೊದಲ ವಾರ ಗಾಜು ನೋಡಿ ಅವ್ವ ಬೇಜಾರು ಮಾಡಿಕೊಂಡಳು. ಅಲ್ಲಲ್ಲಿ ನೀರಿನ ಗುಳ್ಳೆ, ಮೋಡ ಕವಿದ ಹಾಗೆ ಮಸುಕು. ಅದು ಸಹಜ. ನೀರಿನ ಗುಳ್ಳೆಯನ್ನು ಬೆರಳಿಂದ ಒತ್ತಿದರೆ ಜರುಗುತ್ತದೆ, ದಿನ ಕಳೆದಂತೆ ತಾನಾಗಿ ಆರುತ್ತದೆ. ಧೂಳಿನ ಗುಳ್ಳೆ ಜರುಗುವುದಿಲ್ಲ, ಉಳಿಯುತ್ತದೆ. ನಮ್ಮ ಬಿಸಿಲಿಗೆ ಎರಡು ವಾರದಲ್ಲಿ ಎಲ್ಲ ತಿಳಿಯಾಯಿತು. ಚಳಿಗಾಲದಲ್ಲಿ ಹಾಕಿದರೆ ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಗಾಜು ತೊಳೆಯಬಾರದು.

ಅಳತೆ ಬರೆದಿಟ್ಟಿದ್ದೇನೆ. ತಮ್ಮನ ಗೆಳೆಯನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಹೊಳೆಯುವ ಗಾಜಿಗೆ ಅದನ್ನು ನೇರ ಹಿಡಿದರೆ ತಪ್ಪು ತೋರಿಸಬಹುದು, ಅದಕ್ಕೆ ಗಾಜಿಗೆ ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಹಿಡಿದೆವು. ಸಂಜೆ ನಾಲ್ಕೂವರೆ, ಹೊರಗೆ 40 ಡಿಗ್ರಿ ಆಸುಪಾಸಿನ ಎರಡು ದಿನಗಳ ಲೆಕ್ಕ ಇದು. ಬಿಸಿಲು ಬೀಳುವ ಹಾಸಿಗೆ ಮೊದಲು 48, ಫಿಲ್ಮ್ ಹಾಕಿದ ಮೇಲೆ 40. ಖೋಲಿಯ ಗಾಳಿ ಮೊದಲು 37.5, ಆಮೇಲೆ 36. ಗಾಜು ಮಾತ್ರ 45ರಿಂದ 49ಕ್ಕೆ ಏರಿತ್ತು. ಹಾಸಿಗೆಯ 8 ಡಿಗ್ರಿ ಮೈಗೆ ಗೊತ್ತಾಗುವ ವ್ಯತ್ಯಾಸ. ಗಾಳಿಯಲ್ಲಿ ಒಂದೂವರೆ ಡಿಗ್ರಿ ಮಾತ್ರ ಕಡಿಮೆ ಆಯಿತು, ಯಾಕೆಂದರೆ ತಲೆ ಮೇಲೆ ದಿನವಿಡೀ ಕಾದ ಸ್ಲ್ಯಾಬ್ ಇದೆ. ಕಿಟಕಿಯ ಫಿಲ್ಮ್ ಅದಕ್ಕೆ ಏನೂ ಮಾಡಲಾರದು. ಮೇಲಿನ ಮಹಡಿಯವರು ಇದನ್ನು ತಿಳಿದೇ ದುಡ್ಡು ಹಾಕಬೇಕು.

ಕಿಟಕಿ ಪಕ್ಕದ ಹಗ್ಗದ ಮೇಲೆ ಇರುತ್ತಿದ್ದ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ಮಡಿಕೆಯ ಗುಂಟ ಬಿಳಚಿತ್ತು. ಒಳ್ಳೆಯ ಫಿಲ್ಮ್ ಬಿಸಿಲಿನಲ್ಲಿರುವ, ಬಣ್ಣ ಮಾಸಿಸುವ ಅಲ್ಟ್ರಾವಯಲೆಟ್ ಕಿರಣವನ್ನು 99% ತಡೆಯುತ್ತದೆ. ಬಣ್ಣ ಮಾಸುವುದು ಬೆಳಕಿನಿಂದಲೂ ಕಾವಿನಿಂದಲೂ ಆಗುತ್ತದಾದ್ದರಿಂದ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಸೀರೆಗಳನ್ನು ಕಪಾಟಿಗೆ ಹಾಕಿದೆವು.

ಇನ್ನು ಮೆಟ್ಟಿಲಿನ ಮಾತು. ಹಗಲು ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಆಗ ಹೊರಗಿನವರಿಗೆ ಗಾಜು ಕನ್ನಡಿ. ಒಳಗಿನಿಂದ ಅವ್ವನಿಗೆ ಬೇವಿನ ಮರ, ಬೀದಿ ಎಲ್ಲ ಕಾಣುತ್ತದೆ. ರಾತ್ರಿ ಇದು ತಿರುಗಿಬಿಡುತ್ತದೆ. ಏಳೂವರೆಗೆ ಪಕ್ಕದ ಕಾಕುವನ್ನು ಕೇಳಿ ಅವರ ಮೆಟ್ಟಿಲ ಮೇಲೆ ನಿಂತೆ. ತಮ್ಮ ಖೋಲಿಯ ಲೈಟ್ ಹಾಕಿದ. ಮಂಚ, ಕಪಾಟು, ಗೋಡೆಯ ಮೇಲಿನ ಅಪ್ಪನ ಫೋಟೋ ಸಮೇತ ಎಲ್ಲ ಸ್ಪಷ್ಟ. "ಅಕ್ಕಾ, ಒಳಗಿಂದ ನನಗ ನನ್ನ ಮುಖಾನ ಕಾಣ್ತದ" ಅಂತ ತಮ್ಮ ಕೂಗಿದ. ಹಗಲಲ್ಲಿ ಕಾಣದ್ದು ರಾತ್ರಿಯೂ ಕಾಣುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉತ್ತರಕ್ಕೆ ಈಗ ತೆಳು ಹತ್ತಿಯ ಪರದೆ ಹಾಕಿದ್ದೇವೆ, ದೀಪ ಹಚ್ಚುವ ಹೊತ್ತಿಗೆ ಎಳೆಯುತ್ತೇವೆ. ಮತ್ತೆ ಮಾಡುವುದಿದ್ದರೆ ಆ ಕಿಟಕಿಯ ಕೆಳಗಿನ ಅರ್ಧಕ್ಕೆ ಫ್ರಾಸ್ಟೆಡ್ ಹಾಕುತ್ತಿದ್ದೆ. ಅದು ಹಗಲೂ ರಾತ್ರಿಯೂ ಒಂದೇ.

ಇಂಥ ಹೊಳೆಯುವ ಫಿಲ್ಮ್ ಹಾಕುವವರು ಎದುರು ಮನೆಯವರನ್ನೂ ನೆನೆಯಬೇಕು. ಸಂಜೆ ಕೆಳಗಿಳಿದ ಬಿಸಿಲು ನಮ್ಮ ಗಾಜಿಗೆ ಬಡಿದು ರಸ್ತೆಯಾಚೆ ಹೋಗುತ್ತದೆ. ನಾನು ಎರಡು ಸಂಜೆ ಹೋಗಿ ನೋಡಿದೆ. ಅವರ ಖಾಲಿ ಗೋಡೆಯ ಮೇಲೆ ಬೀಳುತ್ತಿತ್ತು, ಕಿಟಕಿಗೆ ಅಲ್ಲ. ಬಿದ್ದಿದ್ದರೆ ಪಶ್ಚಿಮಕ್ಕೆ ಹೊಳಪಿಲ್ಲದ ಸೆರಾಮಿಕ್ ಹಾಕಬೇಕಾಗುತ್ತಿತ್ತು, ದುಡ್ಡು ಹೆಚ್ಚಾದರೂ.

ಜೂನ್ ಮೊದಲ ವಾರ, ಮಳೆಯ ಮೊದಲು, ಒಂದು ಸಲ ಎಲ್ಲ ಅಂಚು ನೋಡಿದೆ. ಪಶ್ಚಿಮದ ಒಂದು ಶಟರಿನಲ್ಲಿ ಲಾಕಿನ ಹತ್ತಿರ ಮೂಲೆ ಒಂದು ಸೆಂಟಿಮೀಟರಿನಷ್ಟು ಎದ್ದಿತ್ತು. ಸ್ಲೈಡ್ ಮಾಡುವಾಗ ಪಕ್ಕದ ಶಟರಿನ ಅಂಚಿನ ಬ್ರಷ್ ಪಟ್ಟಿ ಅಲ್ಲಿ ಉಜ್ಜುತ್ತಿತ್ತು. ಎದ್ದ ಮೂಲೆಯನ್ನು ಮತ್ತೆ ಅಂಟಿಸಲು ಹೋಗಲಿಲ್ಲ, ಧೂಳು ಹಿಡಿದ ಅಂಟು ಹಿಡಿಯುವುದಿಲ್ಲ. ಹೊಸ ಬ್ಲೇಡಿನಿಂದ ಮೂಲೆಯನ್ನು ಸಣ್ಣಗೆ ದುಂಡಗೆ ಕತ್ತರಿಸಿದೆ, ಬ್ರಷ್ಷನ್ನು ಒಳಗೆ ಒತ್ತಿ ಕೂರಿಸಿದೆ. ಆಮೇಲೆ ಅದು ಎದ್ದಿಲ್ಲ. ಮಂಚ ಮತ್ತೆ ಪಶ್ಚಿಮದ ಕಿಟಕಿಯ ಪಕ್ಕಕ್ಕೆ ಬಂದಿದೆ. ಉಳಿದ ಒಂದು ತುಂಡು, 29ಕ್ಕೆ 46 ಇಂಚು, ಮಡಿಸದೆ ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮುಂದಿನ ಬೇಸಿಗೆಗೆ ಮೆಟ್ಟಿಲ ಗಾಜಿಗೆ ಆಗುತ್ತದೆ.